ಒಂದೇ ಗುಂಡಿ, ನಾಲ್ಕು ಪಕ್ಕ: ಬೇಸ್‌ಮೆಂಟ್ ಅಗೆದ ನನ್ನ ಅನುಭವ

ಬೆಂಗಳೂರಿನ ಕೆಂಪು ಮಣ್ಣನ್ನು ಬೇಸಿಗೆಯಲ್ಲಿ ಅಗೆದರೆ ಎಷ್ಟೋ ಕಡೆ ಹತ್ತಡಿವರೆಗೂ ನೆಟ್ಟಗೆ ನಿಂತುಬಿಡುತ್ತದೆ. "ಏನೂ ಆಗಲ್ಲ ಸಾರ್, ಗಟ್ಟಿ ಮಣ್ಣು" ಅನ್ನುತ್ತಾರೆ ಜೆಸಿಬಿಯವರು. ಕಣಗಳ ನಡುವಿನ ಚೂರು ತೇವ ಅದನ್ನು ಎಳೆದು ಹಿಡಿದಿರುತ್ತದೆ, ಅಷ್ಟೇ. ಒಂದು ಜೋರು ಮಳೆಗೆ ಮಣ್ಣು ನೀರು ಕುಡಿಯಿತೋ, ಆ ಹಿಡಿತ ಹೋಯಿತು. ಒಂದು ಘನ ಮೀಟರ್ ಮಣ್ಣು ಹೆಚ್ಚುಕಡಿಮೆ 1.8 ಟನ್ ತೂಗುತ್ತದೆ. ಅದರ ಕೆಳಗೆ ಸಿಕ್ಕಿದವರನ್ನು ಕೈಯಲ್ಲಿ ಎಳೆದು ತೆಗೆಯೋಕೆ ಆಗಲ್ಲ. ಆಳ 1.5 ಮೀಟರ್, ಅಂದ್ರೆ ಐದಡಿ ದಾಟಿದರೆ ಇಳಿಜಾರು ಕೊಡಿ, ಇಲ್ಲಾ ಆಸರೆ ಕಟ್ಟಿ ಅನ್ನುವ ನಿಯಮ ಇರುವುದು ಇದಕ್ಕೇ.

ವಿಜಯನಗರದ ಕಡೆ ಒಂದು 40–60 ಸೈಟು ಒಪ್ಪಿಕೊಂಡಿದ್ದೆ. ಪಾರ್ಕಿಂಗ್ ಬೇಸ್‌ಮೆಂಟ್, ಕಂಬಗಳ ಪಾಯ (ಫೂಟಿಂಗ್) ಸೇರಿ 14 ಅಡಿ ಆಳ. ಮಾಲೀಕರು ಶೋರಿಂಗ್‌ಗೆ, ಅಂದ್ರೆ ಮಣ್ಣು ಕುಸಿಯದಂತೆ ಕೊಡುವ ಆಸರೆಗೆ, ಒಂದು ರೇಟ್ ಕೇಳಿದರು. ನಾನು ಮೊದಲು ಕಾಂಪೌಂಡಿನ ಆಚೆ ಸುತ್ತಿ ಬಂದೆ. ಯಾವ ಪಕ್ಕಕ್ಕೆ ಯಾವ ಆಸರೆ ಅನ್ನೋದು ನಮ್ಮ ಸೈಟ್ ನೋಡಿದರೆ ಗೊತ್ತಾಗಲ್ಲ, ಪಕ್ಕದವರ ಸೈಟ್ ನೋಡಬೇಕು.

ದಕ್ಷಿಣಕ್ಕೆ ಖಾಲಿ ಸೈಟು. ಅದರ ಯಜಮಾನರಿಂದ ಒಪ್ಪಿಗೆ ಪತ್ರ ಬರೆಸಿಕೊಂಡು, ಅವರ ಜಾಗದೊಳಗೇ ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ತೆಗೆದೆವು. ಇದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ.

ಉತ್ತರಕ್ಕೆ ಹಳೇ ಮನೆ. ಸೈಜುಗಲ್ಲಿನ ಪಾಯ, ಆಳ ನಾಲ್ಕಡಿ ಮಾತ್ರ, ಕಾಂಪೌಂಡಿಗೆ ಮೂರಡಿ ದೂರ. "ಏನಪ್ಪಾ, ನಮ್ಮ ಗೋಡೆಗೆ ಏನೂ ಆಗಲ್ಲ ತಾನೆ?" ಅಂತ ಆ ಮನೆಯ ಅಜ್ಜಿ ದಿನಾ ಕೇಳುತ್ತಿದ್ದರು. ಸಾಯಿಲ್ ನೈಲಿಂಗ್ ಮಾಡೋಣ ಅಂದರು ಮಾಲೀಕರು. ಮಣ್ಣಿಗೆ 10–15 ಡಿಗ್ರಿ ಓರೆಯಾಗಿ ತೂತು ಕೊರೆದು, ಕಂಬಿ ಇಟ್ಟು, ಗ್ರೌಟ್ (ಸಿಮೆಂಟ್ ಹಾಲು) ತುಂಬಿ, ಮೇಲೆ ಕಂಬಿ ಜಾಲರಿ ಕಟ್ಟಿ, ಶಾಟ್‌ಕ್ರೀಟ್, ಅಂದ್ರೆ ಪೈಪಿನಿಂದ ರಭಸವಾಗಿ ಚಿಮ್ಮಿಸುವ ಕಾಂಕ್ರೀಟ್, ಹೊಡೆಯುವ ವಿಧಾನ ಅದು. ದೊಡ್ಡ ಜಾಗಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಇಲ್ಲಿ ನಮ್ಮ ಕಂಬಿ ಹತ್ತಡಿಗೂ ಜಾಸ್ತಿ ಅಜ್ಜಿ ಮನೆಯ ಕೆಳಗೆ ಹೋಗಬೇಕಿತ್ತು. ನಾಳೆ ಅವರ ಮಕ್ಕಳು ಬೇಸ್‌ಮೆಂಟ್ ತೆಗೆದರೆ ಮೊದಲು ಕತ್ತರಿಸುವುದೇ ಅದನ್ನು. ಶೀಟ್ ಪೈಲ್, ಅಂದ್ರೆ ಉಕ್ಕಿನ ಹಲಗೆಗಳನ್ನು ಮಣ್ಣಿಗೆ ಬಡಿದರೆ ಆ ಅದುರುವಿಕೆಗೇ ಹಳೇ ಗೋಡೆ ಬಿರುಕು ಬಿಡಬಹುದು.

ಹಾಗಾಗಿ ಟಚ್ ಪೈಲ್ ಹಾಕಿದೆವು. ಅಗೆಯುವ ಮೊದಲೇ ಗಡಿಗುಂಟ ಕೊರೆದು, ಕಂಬಿ ಪಂಜರ ಇಳಿಸಿ, ಕಾಂಕ್ರೀಟ್ ತುಂಬಿದ ಸಾಲು ಕಂಬಗಳು. ಪಕ್ಕದ ಹಸಿ ಕಾಂಕ್ರೀಟ್ ಕದಡದಂತೆ ಒಂದು ಬಿಟ್ಟು ಒಂದು ಹಾಕಬೇಕು. ಬರೀ ಗುಂಡಿಯ ಆಳಕ್ಕೆ ನಿಲ್ಲಿಸಿದರೆ ಪೈಲ್ ಗುಂಡಿಯೊಳಗೇ ವಾಲುತ್ತದೆ. ತಳದಿಂದ ಕೆಳಕ್ಕೆ ಎಷ್ಟು ಹೋಗಬೇಕು ಅಂತ ಡಿಸೈನರ್ ಲೆಕ್ಕ ಹಾಕಿ ಕೊಟ್ಟರು. ಮೆದು ಬಂಡೆ (ಸಾಫ್ಟ್ ರಾಕ್) ಸಿಕ್ಕಿದ ಕಡೆ ಕಡಿಮೆ ಸಾಕಾಯಿತು. ಪೈಲ್‌ಗಳ ತಲೆಗಳನ್ನೆಲ್ಲ ಮೇಲೆ ಉದ್ದಕ್ಕೂ ಒಂದು ಕಾಂಕ್ರೀಟ್ ತೊಲೆ (ಕ್ಯಾಪಿಂಗ್ ಬೀಮ್) ಹಾಕಿ ಕಟ್ಟಿದೆವು. ಒಂದೂವರೆ ಅಡಿ ಜಾಗ ಹೋಯ್ತಲ್ಲ ಅಂತ ಮಾಲೀಕರಿಗೆ ಈಗಲೂ ಬೇಜಾರಿದೆ.

ಪಶ್ಚಿಮದಲ್ಲಿ ಮೂರು ಮಹಡಿಯ ಮನೆ. ಪಾಯ ಆಳವಾಗಿತ್ತು, ಹಾಗಾಗಿ ಐದೈದು ಅಡಿಯ ಭಾಗ ಮಾಡಿಕೊಂಡು, ಒಂದು ಅಗೆದು ಎರಡು ಬಿಟ್ಟು, ಅಗೆದಲ್ಲಿ ಗೋಡೆ ಎಬ್ಬಿಸಿದ ಮೇಲೆ ಮುಂದಿನದಕ್ಕೆ ಕೈ ಹಾಕಿದೆವು. ಒಂದು ಬೆಳಗ್ಗೆ ನೋಡಿದರೆ ಎಂಟಡಿ ಕೆಳಗೆ ಮಣ್ಣು ಕಡುಗೆಂಪಾಗಿ, ಮುಟ್ಟಿದರೆ ಅಂಟುತ್ತಿತ್ತು. ಅದರ ಕೆಳಗೆ ಹುಡಿ ಉದುರಿ ಸಣ್ಣ ಗುಡ್ಡೆ. ಮಳೆ ಬಂದಿರಲಿಲ್ಲ. ಆ ಮಣ್ಣಿನ ಗೋಡೆಯ ಹಿಂದೆಯೇ ಅವರ ಸಂಪು ಇತ್ತು, ಅದು ಸೋರುತ್ತಿತ್ತು.

ಹುಡುಗರನ್ನೆಲ್ಲ ಮೇಲೆ ಹತ್ತಿಸಿದೆ. ಹಿಟಾಚಿಯನ್ನು ಅಂಚಿನಿಂದ ದೂರ ನಿಲ್ಲಿಸಿ, ಅಗೆದ ಮಣ್ಣನ್ನೇ ವಾಪಸ್ ಆ ಮುಖಕ್ಕೆ ಒರಗಿಸಿದೆವು. ಇಂಥ ಹೊತ್ತಿನಲ್ಲಿ ಮರದ ಕಂಬ ಹಿಡಿದು ಕೆಳಗೆ ಇಳಿಯಬಾರದು. ಆಮೇಲೆ ಸಂಪು ಖಾಲಿ ಮಾಡಿಸಿ, ಸಿಂಟೆಕ್ಸ್ ಟ್ಯಾಂಕ್ ಒಂದನ್ನು ತಾತ್ಕಾಲಿಕವಾಗಿ ಕೊಡಿಸಿ, ನಮ್ಮ ಖರ್ಚಿನಲ್ಲೇ ರಿಪೇರಿ ಮಾಡಿಸಿದೆ. ಮಣ್ಣು ಒಣಗಿದ ಮೇಲೇ ಅಲ್ಲಿ ಅಗೆತ.

ರಸ್ತೆ ಕಡೆ ಟಿಪ್ಪರ್ ಇಳಿಯುವ ರ‍್ಯಾಂಪ್ ಬಿಟ್ಟಿದ್ದೆವು. ಆ ಮಣ್ಣೇ ರಸ್ತೆಗೆ, ಅದರಡಿಯ ನೀರಿನ ಪೈಪು, ಒಳಚರಂಡಿ (ಯುಜಿಡಿ) ಲೈನಿಗೆ ಆಸರೆ.

ಪ್ರತಿ ಬೆಳಗ್ಗೆ ಯಾರೂ ಇಳಿಯುವ ಮುಂಚೆ ಅಂಚಿನ ಸುತ್ತ ನಡೆಯುತ್ತಿದ್ದೆ. ಅಂಚಿಗೆ ಸಮನಾಗಿ ಕೂದಲೆಳೆ ಬಿರುಕು ಬಂದಿದೆಯಾ ಅಂತ ನೋಡೋದು ಮುಖ್ಯ. ಅಜ್ಜಿ ಮನೆಯಲ್ಲಿ ಮೊದಲೇ ಇದ್ದ ಬಿರುಕುಗಳ ಫೋಟೋ ತೆಗೆದು, ಮೇಲೆ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದಿದ್ದೆ. ಗೋಡೆ ಚೂರು ಸರಿದರೂ ಗಾಜು ಒಡೆಯುತ್ತದೆ. ಅಗೆದ ಮಣ್ಣನ್ನು ಅಂಚಿನಲ್ಲಿ ಸುರಿಯೋಕೆ ಬಿಡಲಿಲ್ಲ. ಮೇಲೆ ನೀರು ಹರಿದು ಬರದಂತೆ ಸಣ್ಣ ಕಟ್ಟೆ, ಇಳಿಜಾರಿಗೆ ಟಾರ್ಪಾಲ್, ತಳದ ಮೂಲೆಯಲ್ಲಿ ಪಂಪು.

ಕೊನೆಗೆ ರ‍್ಯಾಂಪ್ ತೆಗೆಯುವಾಗ ಎಲ್ಲರಿಗೂ ಅವಸರ. ಅದನ್ನೂ ಭಾಗ ಭಾಗವಾಗಿಯೇ ತೆಗೆದು ಗೋಡೆ ಹಾಕಿದೆವು. ಗೋಡೆ ಎದ್ದ ಕೂಡಲೇ ಹಿಂದೆ ಮಣ್ಣು ತುಂಬಿ ಅಂದರು ಮಾಲೀಕರು. ನಮ್ಮ ಗೋಡೆಯ ಡಿಸೈನ್‌ನಲ್ಲಿ ಮೇಲಿನ ಸ್ಲ್ಯಾಬೇ ಅದಕ್ಕೆ ಆಸರೆ, ಬರೀ ಗೋಡೆ ಆ ಒತ್ತಡ ತಡೆಯಲ್ಲ ಅಂತ ಡ್ರಾಯಿಂಗ್ ತೋರಿಸಿದೆ. ಸ್ಲ್ಯಾಬ್ ಗಟ್ಟಿಯಾದ ಮೇಲೆಯೇ ಪದರ ಪದರವಾಗಿ ತುಂಬಿ, ದಮ್ಮಸ್ ಮಾಡಿ, ಖಾಲಿ ಸೈಟನ್ನು ಮೊದಲಿನ ಮಟ್ಟಕ್ಕೆ ತಂದುಕೊಟ್ಟೆವು.