ವ್ಯಸನದ ಕುರಿತ ಅಧ್ಯಯನ ವರದಿಯನ್ನು ಓದುವ ಕ್ರಮ

ಜಿಲ್ಲಾ ಸಭೆಗೆ ಟಿಪ್ಪಣಿ ಸಿದ್ಧಪಡಿಸುವವರಾಗಲಿ, ಶಾಲೆಯಲ್ಲಿ ಜಾಗೃತಿ ಕಾರ್ಯಕ್ರಮ ನಡೆಸುವ ಶಿಕ್ಷಕರಾಗಲಿ, ಆರೋಗ್ಯ ವಿಷಯ ಬರೆಯುವ ವರದಿಗಾರರಾಗಲಿ, ಮದ್ಯ ಅಥವಾ ಮಾದಕ ವಸ್ತುಗಳ ಕುರಿತ ಅಧ್ಯಯನವನ್ನು ಕೈಗೆತ್ತಿಕೊಂಡಾಗ ತೀರ್ಮಾನದ ಪುಟಕ್ಕೆ ಹೋಗುವ ಮುನ್ನ ಅಲ್ಲಿ ಎಣಿಸಿರುವುದು ಏನನ್ನು ಎಂದು ನೋಡಿಕೊಳ್ಳಬೇಕು.

ಇದಕ್ಕೆ ಒಳ್ಳೆಯ ಅಭ್ಯಾಸವಾಗುವುದು ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ತಜ್ಞರು ನಡೆಸಿ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ. ಅದರ ಪ್ರಕಾರ 10ರಿಂದ 75 ವರ್ಷದೊಳಗಿನವರಲ್ಲಿ ಶೇ. 14.6ರಷ್ಟು, ಅಂದರೆ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಸೇವನೆಯಿಂದ ಹಾನಿಗೊಳಗಾಗಿ ಅಥವಾ ಅದಕ್ಕೆ ಅವಲಂಬಿತರಾಗಿ ನೆರವು ಬೇಕಾದವರು ಸುಮಾರು 5.7 ಕೋಟಿ, ಅವರೊಳಗೆ ಅವಲಂಬಿತರು, ಅಂದರೆ ಕುಡಿತ ಬಿಡಲಾಗದ ಸ್ಥಿತಿ ತಲುಪಿದವರು, ಮಾತ್ರ ಸುಮಾರು 2.9 ಕೋಟಿ. ಮೂರೂ ಒಂದೇ ವರದಿಯ ಸಂಖ್ಯೆಗಳು, ಮೂರೂ ಸರಿ. ಆದರೆ ‘ದೇಶದಲ್ಲಿ 16 ಕೋಟಿ ವ್ಯಸನಿಗಳು’ ಎಂದು ಬರೆದರೆ ಲೆಕ್ಕ ಐದು ಪಟ್ಟಿಗೂ ಮಿಕ್ಕಿ ತಪ್ಪುತ್ತದೆ. ಸರಾಸರಿಯ ವಿಷಯದಲ್ಲೂ ಎಚ್ಚರ ಬೇಕು: ಅದೇ ಸಮೀಕ್ಷೆಯಲ್ಲಿ ಪುರುಷರ ಪ್ರಮಾಣ ಶೇ. 27.3, ಮಹಿಳೆಯರದ್ದು ಶೇ. 1.6. ಶೇ. 14.6 ಎಂಬ ಅಂಕಿ ಇವರಿಬ್ಬರಲ್ಲಿ ಯಾರ ಸ್ಥಿತಿಯನ್ನೂ ಹೇಳುವುದಿಲ್ಲ.

ಎರಡನೆಯದಾಗಿ, ಉತ್ತರಿಸಿದವರು ಯಾರು, ಬಿಟ್ಟುಹೋದವರು ಯಾರು ಎಂಬುದನ್ನು ವಿಧಾನದ ಅಧ್ಯಾಯದಲ್ಲಿ ಹುಡುಕಿ. ಬೇಸರ ತರಿಸುವ ಭಾಗವಾದರೂ ವರದಿಯ ಜೀವಾಳ ಅಲ್ಲೇ ಇರುತ್ತದೆ. ಮನೆಮನೆಗೆ ಹೋಗಿ ಕೇಳಿದರೆ ಮದ್ಯದ ಅಂದಾಜು ತಕ್ಕಮಟ್ಟಿಗೆ ಸಿಗಬಹುದು, ಹೆರಾಯಿನ್‌ನದ್ದು ಸಿಗುವುದಿಲ್ಲ. ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆ, 1985ರ 27ನೇ ಕಲಮಿನಡಿ ಸೇವನೆಯೇ ಅಪರಾಧವಾಗಿರುವಾಗ ಅಪರಿಚಿತ ಸಮೀಕ್ಷಕನ ಮುಂದೆ, ಅದೂ ಮನೆಯವರು ಕೇಳಿಸಿಕೊಳ್ಳುತ್ತಿರುವಾಗ, ಒಪ್ಪಿಕೊಳ್ಳುವವರು ವಿರಳ. ಬೀದಿಯಲ್ಲಿ, ಜೈಲಿನಲ್ಲಿ ಇರುವವರಂತೂ ಪಟ್ಟಿಗೇ ಬರುವುದಿಲ್ಲ. ಆದ್ದರಿಂದ ಈ ಸಮೀಕ್ಷೆ, ಮಾದಕ ವಸ್ತುವಿಗೆ ಅವಲಂಬಿತರಾದವರ ಮೂಲಕವೇ ಅವರ ಪರಿಚಯದವರನ್ನು ತಲುಪುವ ಇನ್ನೊಂದು ವಿಧಾನವನ್ನೂ ಬಳಸಿತು. ಹೀಗೆ ಸಿಕ್ಕವರಲ್ಲಿ ಹತ್ತಕ್ಕೊಬ್ಬರು ಕಳೆದ ವರ್ಷ ಚಿಕಿತ್ಸೆ ಪಡೆದಿದ್ದರೆಂದೂ, ಚಿಕಿತ್ಸಾ ಕೇಂದ್ರಗಳ ದಾಖಲೆಯಲ್ಲಿ ಸಾವಿರ ರೋಗಿಗಳಿದ್ದಾರೆಂದೂ ಇಟ್ಟುಕೊಂಡರೆ, ಒಟ್ಟು ಅವಲಂಬಿತರು ಸುಮಾರು ಹತ್ತು ಸಾವಿರ ಎಂದು ಅಂದಾಜಿಸಬಹುದು. ದಾಖಲೆ ಎಷ್ಟು ಅಚ್ಚುಕಟ್ಟೋ ಅಂದಾಜೂ ಅಷ್ಟೇ ನಂಬಲರ್ಹ.

ಪೊಲೀಸರು ವಶಪಡಿಸಿಕೊಂಡ ಗಾಂಜಾದ ತೂಕವನ್ನು ಬಳಕೆಯ ಅಳತೆಯೆಂದು ತೆಗೆದುಕೊಳ್ಳಬೇಡಿ. ತಪಾಸಣೆ ಬಿಗಿಯಾದರೂ ಆ ಅಂಕಿ ಏರುತ್ತದೆ.

ನೀತಿಯೊಂದು ಫಲ ಕೊಟ್ಟಿತೇ ಎಂದು ಹೇಳುವ ಅಧ್ಯಯನಗಳಲ್ಲಿ, ನೀತಿಯ ಜೊತೆಜೊತೆಗೇ ಇನ್ನೇನು ಬದಲಾಯಿತು ಎಂದು ಕೇಳಬೇಕು. ಪೋರ್ಚುಗಲ್ 2001ರ ಜುಲೈಯಿಂದ, ಸುಮಾರು ಹತ್ತು ದಿನಗಳ ಸ್ವಂತ ಬಳಕೆಗೆ ಸಾಲುವಷ್ಟು ಮಾದಕ ವಸ್ತು ಹೊಂದಿರುವುದನ್ನು ಕ್ರಿಮಿನಲ್ ಅಪರಾಧದ ಪಟ್ಟಿಯಿಂದ ತೆಗೆಯಿತು. ಅದನ್ನು ಕಾನೂನುಬದ್ಧಗೊಳಿಸಲಿಲ್ಲ, ಸಿಕ್ಕಿಬಿದ್ದವರು ನ್ಯಾಯಾಲಯದ ಬದಲು ವಿಶೇಷ ಆಯೋಗದ ಮುಂದೆ ಹಾಜರಾಗಬೇಕು, ಮಾರಾಟ ಈಗಲೂ ಅಪರಾಧವೇ. ಮುಂದಿನ ವರ್ಷಗಳಲ್ಲಿ ಚುಚ್ಚುಮದ್ದಿನ ಮೂಲಕ ಮಾದಕ ವಸ್ತು ಸೇವಿಸುವವರಲ್ಲಿ ಹೊಸ ಎಚ್‌ಐವಿ ಸೋಂಕು ಬಹಳ ಇಳಿಯಿತು. ಆದರೆ ಅದೇ ಅವಧಿಯಲ್ಲಿ ಆ ದೇಶ ಹೆರಾಯಿನ್‌ಗೆ ಬದಲಿಯಾಗಿ ಔಷಧಿ ಕೊಡುವ ಮೆಥಡೋನ್ ಚಿಕಿತ್ಸೆ, ಬಳಸಿದ ಸಿರಿಂಜಿಗೆ ಹೊಸದನ್ನು ಕೊಡುವ ಸಿರಿಂಜ್ ವಿನಿಮಯಗಳನ್ನೂ ವಿಸ್ತರಿಸಿತ್ತು. ಶ್ರೇಯವನ್ನೆಲ್ಲ ಕಾನೂನಿಗೇ ಕೊಡುವ ಲೇಖನವನ್ನೂ, ಕಾನೂನಿನಿಂದ ಏನೂ ಆಗಲಿಲ್ಲವೆನ್ನುವ ಲೇಖನವನ್ನೂ ನಾನು ಒಂದೇ ಅನುಮಾನದಿಂದ ಓದುತ್ತೇನೆ.

ನಮ್ಮ ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಸಾರಾಯಿ ಮಾರಾಟವನ್ನಷ್ಟೇ ಅಳೆದರೆ ಇದು ಪೂರ್ಣ ಯಶಸ್ಸು. ಕುಡಿಯುವವರು ಅಗ್ಗದ ವಿಸ್ಕಿ, ರಮ್ಮಿನ ಕಡೆಗೆ ತಿರುಗಿದರೇ, ಮನೆಯ ಖರ್ಚಿನಲ್ಲಿ ಮದ್ಯದ ಪಾಲು ಏನಾಯಿತು, ಕಳ್ಳಭಟ್ಟಿ ಹೆಚ್ಚಿತೇ ಎಂಬಿವೂ ಲೆಕ್ಕಕ್ಕೆ ಬರದೆ ಆ ಯಶಸ್ಸನ್ನು ಸಾರ್ವಜನಿಕ ಆರೋಗ್ಯದ ಯಶಸ್ಸು ಎನ್ನಲಾಗದು.

‘ಮಿತವಾಗಿ ಕುಡಿದರೆ ಹೃದಯಕ್ಕೆ ಒಳ್ಳೆಯದು’ ಎನ್ನುವ ಫಲಿತಾಂಶ ಕಂಡಾಗ, ಹೋಲಿಕೆಗೆ ಇಟ್ಟುಕೊಂಡ ‘ಕುಡಿಯದವರ’ ಗುಂಪನ್ನು ಪರೀಕ್ಷಿಸಿ. ಕಾಯಿಲೆ ಬಿದ್ದು ಕುಡಿತ ಬಿಟ್ಟವರೂ ಅದರಲ್ಲಿ ಸೇರಿಕೊಂಡಿದ್ದರೆ ಮಿತಪಾನಿಗಳು ಸಹಜವಾಗಿಯೇ ಹೆಚ್ಚು ಆರೋಗ್ಯವಂತರಾಗಿ ಕಾಣುತ್ತಾರೆ. ಹಣ ಕೊಟ್ಟವರ ಹೆಸರನ್ನೂ ನೋಡಿ: ಮಿತಪಾನದ ಪರಿಣಾಮ ತಿಳಿಯಲು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಆರಂಭಿಸಿದ್ದ ದೊಡ್ಡ ಪ್ರಯೋಗವು, ಅದಕ್ಕಾಗಿ ಅಧಿಕಾರಿಗಳು ಮದ್ಯ ಕಂಪನಿಗಳ ಹಣವನ್ನು ಕೋರಿದ್ದ ರೀತಿ ಬಯಲಾದ ಮೇಲೆ 2018ರಲ್ಲಿ ನಿಂತುಹೋಯಿತು.

ಚಿಕಿತ್ಸೆಯ ಅಧ್ಯಯನಗಳಲ್ಲಿ ‘ಗುಣಮುಖ’ ಎಂಬುದನ್ನು ಹೇಗೆ ನಿರ್ಧರಿಸಿದ್ದಾರೆಂದು ಗುರುತು ಹಾಕಿಕೊಳ್ಳಿ. ಹೆರಾಯಿನ್‌ನಂಥ ವ್ಯಸನಕ್ಕೆ ಬದಲಿಯಾಗಿ ಕೊಡುವ ಬ್ಯುಪ್ರೆನಾರ್ಫಿನ್‌ನಂಥ ಔಷಧಿ ಪಡೆಯುತ್ತಾ ಕೆಲಸಕ್ಕೆ ಹೋಗುತ್ತಿರುವವನನ್ನು ಒಂದು ಅಧ್ಯಯನ ಯಶಸ್ಸೆಂದೂ ಇನ್ನೊಂದು ವೈಫಲ್ಯವೆಂದೂ ಎಣಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಈ ಔಷಧಿಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿರುವುದರಿಂದ, ಸಂಪೂರ್ಣ ವರ್ಜನೆಯೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡ ಅಧ್ಯಯನ ಅದಕ್ಕೆ ಕಾರಣ ಕೊಡಬೇಕು. ಕೊಡದಿದ್ದರೆ ನಿಮ್ಮ ಟಿಪ್ಪಣಿಯಲ್ಲಿ ಹಾಗೆಂದೇ ಬರೆಯಿರಿ.