ಜರ್ಮನಿಯಲ್ಲಿ ಪಿಎಚ್‌ಡಿ ಕೆಲಸ ಹುಡುಕಿದ ಬಗೆ

ಎಂ.ಎಸ್ಸಿ. ಮುಗಿಸಿ ಜರ್ಮನಿ ಕಡೆ ನೋಡುವ ನಮ್ಮವರು ಮೊದಲು ಕೇಳುವುದೇ ‘ಎಂಟ್ರೆನ್ಸ್ ಯಾವಾಗ, ಫೀಸ್ ಎಷ್ಟು?’ ಅಂತ. ಅಲ್ಲಿ ವಿಜ್ಞಾನ ವಿಷಯಗಳ ಪಿಎಚ್‌ಡಿ ಬಹುಮಟ್ಟಿಗೆ ಸಂಬಳದ ಕೆಲಸ. ಪ್ರಾಜೆಕ್ಟಿಗೆ ದುಡ್ಡು ಬಂದರೆ ಹುದ್ದೆ, ಹುದ್ದೆ ಇದ್ದರೆ ಜಾಹೀರಾತು. ಹಾಗಾಗಿ ದುಡ್ಡು ಎಲ್ಲಿದೆ ಅಂತ ನೋಡುವುದರಿಂದಲೇ ಶುರು ಮಾಡಿದೆ.

ಡಿಎಎಡಿ (ವಿದೇಶಿ ವಿದ್ಯಾರ್ಥಿಗಳಿಗೆ ನೆರವಾಗುವ ಜರ್ಮನ್ ಸಂಸ್ಥೆ) ಪಟ್ಟಿ, ಮ್ಯಾಕ್ಸ್ ಪ್ಲಾಂಕ್ ಸಂಶೋಧನಾ ಸಂಸ್ಥೆಗಳ ಐಎಂಪಿಆರ್‌ಎಸ್ ಎಂಬ ಪಿಎಚ್‌ಡಿ ಶಾಲೆಗಳು, ಹೆಲ್ಮ್‌ಹೋಲ್ಟ್ಸ್, ಲೈಬ್‌ನಿಟ್ಸ್ ಸಂಶೋಧನಾ ಕೇಂದ್ರಗಳು, ಎಲ್ಲರೂ ನೋಡುವ ಇವನ್ನೆಲ್ಲ ನಾನೂ ನೋಡಿದೆ. (ಮ್ಯಾಕ್ಸ್ ಪ್ಲಾಂಕ್‌ನಲ್ಲಿ ಕೆಲಸ ಮಾಡಿದರೂ ಪದವಿ ಕೊಡುವುದು ವಿಶ್ವವಿದ್ಯಾಲಯವೇ.) ಹೆಚ್ಚು ಉಪಯೋಗಕ್ಕೆ ಬಂದದ್ದು ಗೆಪ್ರಿಸ್ ಎಂಬ ಆನ್‌ಲೈನ್ ಮಾಹಿತಿ ಕೋಶ. ಸಂಶೋಧನೆಗೆ ಅನುದಾನ ಕೊಡುವ ಜರ್ಮನ್ ಸಂಸ್ಥೆ ಡಿಎಫ್‌ಜಿ ಹಣ ಕೊಟ್ಟ ಪ್ರಾಜೆಕ್ಟುಗಳು ಅದರಲ್ಲಿ ಸಿಗುತ್ತವೆ: ವಿಷಯ, ಸಂಸ್ಥೆ, ಪ್ರೊಫೆಸರ್, ಶುರುವಾದ ವರ್ಷ. ನಾನು ಹುಳು ತಿಂದ ಎಲೆಗಳ ರಸಾಯನಶಾಸ್ತ್ರ ಓದಿದವಳು. ಆ ವಿಷಯ ಹಾಕಿ, ಹೊಸದಾಗಿ ಮಂಜೂರಾದ ‘ರಿಸರ್ಚ್ ಟ್ರೈನಿಂಗ್ ಗ್ರೂಪ್’ಗಳನ್ನಷ್ಟೇ ಆರಿಸಿಕೊಂಡೆ. ಇವು ಪಿಎಚ್‌ಡಿಯವರನ್ನು ಒಬ್ಬೊಬ್ಬರಾಗಿ ಅಲ್ಲ, ಸಾಮಾನ್ಯವಾಗಿ ತಂಡವಾಗಿಯೇ ತೆಗೆದುಕೊಳ್ಳುತ್ತವೆ. ಗರಿಷ್ಠ 9 ವರ್ಷ ನಡೆಯುತ್ತವೆ. ಶುರುವಾದ ವರ್ಷ ಗೊತ್ತಾದರೆ ಮುಂದಿನ ತಂಡ ಯಾವಾಗ ಅಂತ ಅಂದಾಜು ಸಿಗುತ್ತದೆ. ಆಮೇಲೆ ಆಯಾ ಲ್ಯಾಬಿನ ಪುಟದ ಮೇಲೆ ಕಣ್ಣಿಟ್ಟಿದ್ದರೆ ಸಾಕು.

ಜಾಹೀರಾತಿನಲ್ಲಿ ನಾನು ಮೊದಲು ಓದುತ್ತಿದ್ದದ್ದು ಸಂಬಳದ ಸಾಲು. ‘ಟಿವಿ-ಎಲ್ ಇ 13, 65%’ ಅಂದರೆ ರಾಜ್ಯ ಸರ್ಕಾರಿ ವೇತನಶ್ರೇಣಿಯ 13ನೇ ದರ್ಜೆ, ಅದರಲ್ಲಿ ನೂರಕ್ಕೆ 65 ಭಾಗ. ಜೀವಶಾಸ್ತ್ರದಲ್ಲಿ ಇದು ಮಾಮೂಲು, ಕಂಪ್ಯೂಟರ್ ಸೈನ್ಸಿನವರಿಗೆ 100% ಕೊಡುವುದೂ ಉಂಟು. ಸಂಬಳ 65 ಆದರೂ ಲ್ಯಾಬಿನಲ್ಲಿ ಇರಬೇಕಾದದ್ದು ದಿನಪೂರ್ತಿ. ನನಗಂತೂ ಇದು ಅನ್ಯಾಯ ಅಂತಲೇ ಅನಿಸುತ್ತದೆ.

ಅರ್ಜಿ ಅಂದರೆ ಒಂದೇ ಪಿಡಿಎಫ್: ಪತ್ರ, ಸಿವಿ, ಮಾರ್ಕ್ಸ್ ಕಾರ್ಡು, ಇಬ್ಬರು ಮೇಷ್ಟ್ರ ಹೆಸರು. ‘ತಮ್ಮ ಘನ ಸಂಸ್ಥೆಯಲ್ಲಿ’ ಎನ್ನುವ ಧಾಟಿ ಬಿಟ್ಟು, ಅವರ ಒಂದು ಪ್ರಬಂಧದ ಯಾವ ಪ್ರಯೋಗ ನನ್ನ ಜಿಸಿ-ಎಂಎಸ್ (ಮಿಶ್ರಣದಲ್ಲಿರುವ ರಾಸಾಯನಿಕಗಳನ್ನು ಬೇರ್ಪಡಿಸಿ ಗುರುತಿಸುವ ಯಂತ್ರ) ಕೆಲಸಕ್ಕೆ ಹತ್ತಿರ ಎಂದು ಮೊದಲ ಸಾಲಿನಲ್ಲೇ ಬರೆದೆ.

ಸಂದರ್ಶನ ಆನ್‌ಲೈನ್‌ನಲ್ಲೇ ಆಯಿತು. ನನ್ನ ಎಂ.ಎಸ್ಸಿ. ಕೆಲಸದ ಬಗ್ಗೆ ಮಾತಾಡಿ ಮುಗಿಸಿದ ಮೇಲೆ ಒಬ್ಬ ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿದ ಸಂಶೋಧಕ) ಒಂದು ಗ್ರಾಫಿಗೆ ವಾಪಸ್ ಹೋಗಿ, “ಇಲ್ಲಿ ಎನ್, ಅಂದರೆ ಮಾದರಿಗಳ ಸಂಖ್ಯೆ, ಎಷ್ಟು? ಗಿಡ ಎಣಿಸಿದ್ದೋ, ಎಲೆ ಎಣಿಸಿದ್ದೋ?” ಅಂದ. ಆರು ಗಿಡ, ಒಂದೊಂದರಿಂದ ಮೂರು ಎಲೆ, ಎಲೆಗಳ ಸರಾಸರಿ ತೆಗೆದಿದ್ದರಿಂದ ಎನ್ ಆರೇ ಎಂದೆ. ಅಲ್ಲಿಂದ ಮುಂದೆ ಅದು ಪರೀಕ್ಷೆ ಅನಿಸಲಿಲ್ಲ. ಅವರ ಗಿಡಗಳಲ್ಲಿ ಎಲೆಯ ವಯಸ್ಸಿನಿಂದ ಬರುತ್ತಿದ್ದ ತೊಂದರೆಯನ್ನೇ ಚರ್ಚಿಸಿದೆವು.

ಕೊನೆಗೆ ನಿನ್ನ ಪ್ರಶ್ನೆ ಏನು ಅಂದರು. ಕಾಂಟ್ರ್ಯಾಕ್ಟ್ ಮೂರು ವರ್ಷದ್ದು, ಥೀಸಿಸ್ ಅಷ್ಟರಲ್ಲಿ ಮುಗಿಯುವುದು ಅಪರೂಪ, ನಾಲ್ಕನೇ ವರ್ಷದ ಸಂಬಳ ಎಲ್ಲಿಂದ ಅಂತ ಕೇಳಿದೆ. ಪ್ರೊಫೆಸರ್ ನಕ್ಕು, ಬೇರೊಂದು ಪ್ರಾಜೆಕ್ಟಿನಿಂದ ಆರು ತಿಂಗಳು ಖಂಡಿತ ಕೊಡಬಹುದು, ಮಿಕ್ಕದ್ದು ಈಗಲೇ ಹೇಳಲಾರೆ ಎಂದರು. ಸೇರಿದೆ.