ಸುಲಿತದ ಮನೆಯ ಲೆಕ್ಕ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಡಿಕೆ ಸುಲಿತಕ್ಕೆ ಡಬ್ಬದ ಲೆಕ್ಕ. ಮೆಟ್ಟುಗತ್ತಿಯ ಮುಂದೆ ಕುಳಿತವರು ಎಷ್ಟು ಡಬ್ಬ ತುಂಬುತ್ತಾರೋ ಅಷ್ಟು ಕೂಲಿ. ಕೊಯ್ಲು ಮುಗಿದ ಮೇಲೆ ನನಗೆ ಮೆಚ್ಚುಗೆಯಾದವರಿಗೆ ಒಂದೊಂದು ಸೀರೆ. ಅತ್ತೆಯವರು ನಡೆಸಿಕೊಂಡು ಬಂದ ಪದ್ಧತಿ, ನಾನೂ ಪ್ರಶ್ನಿಸದೆ ಮುಂದುವರಿಸಿದ್ದೆ.

ಒಂದು ವರ್ಷ ಸೀರೆ ಹಂಚುತ್ತಿದ್ದಾಗ ಅಂಗಳದ ಮೂಲೆಯಲ್ಲಿ ಒಬ್ಬ ಹಿರಿಯಕ್ಕ ಅಡಿಕೆ ಆರಿಸುತ್ತಲೇ ಇದ್ದರು. ಬುಟ್ಟಿಗೆ ಕೈಹಾಕಿ ಹಣ್ಣಾದದ್ದನ್ನು ಸಿಪ್ಪೆಸಹಿತ ಒಣಗಿಸುವ ಗೋಟಿನ ರಾಶಿಗೆ, ಹಸಿರಾದದ್ದನ್ನು ಸುಲಿಯುವವರ ಕಡೆಗೆ ತಳ್ಳುತ್ತಿದ್ದರು. ಕಣ್ಣು ಹಾಯಿಸುವ ಮೊದಲೇ ಬೆರಳಿಗೆ ತಿಳಿಯುತ್ತಿತ್ತು. ತಲೆಯೆತ್ತದೆ ಕೇಳಿದರು: ‘ಅಮ್ಮಾ, ಇದನ್ನು ಆರಿಸದೆ ಬೇಯಿಸಿದ್ದರೆ ನಿಮ್ಮ ರಾಶಿಗೆ ಈ ದರ ಸಿಗುತ್ತಿತ್ತೇ?’

ಅಂದು ರಾತ್ರಿ ನಿದ್ದೆ ಬರಲಿಲ್ಲ. ಡಬ್ಬ ತುಂಬುವವರ ಕೆಲಸ ಎಣಿಕೆಗೆ ಸಿಗುತ್ತದೆ. ಆರಿಸುವವರದು, ಅಡಿಕೆ ಬೇಯಿಸುವ ಚೊಗರಿನ ಹಂಡೆಯ ಬೆಂಕಿ ನೋಡಿಕೊಳ್ಳುವವರದು, ಮರ ಹತ್ತಿ ಗೊನೆ ಕೊಯ್ಯುವ ಕೊನೆಗೌಡ ಮೇಲಿಂದ ಹಗ್ಗದಲ್ಲಿ ಜಾರಿಸಿದ ಗೊನೆಯನ್ನು ನೆಲಕ್ಕೆ ಬಡಿಯದಂತೆ ಹಿಡಿಯುವವನದು ಎಣಿಕೆಗೆ ಸಿಗುವುದಿಲ್ಲ. ದರವನ್ನು ಎತ್ತುವವರೂ ಕೆಡದಂತೆ ಕಾಯುವವರೂ ಅವರೇ.

ಮರುವರ್ಷ ಸೀರೆ ನಿಲ್ಲಿಸಿದೆ. ಮಾರಾಟವಾದ ಪ್ರತಿ ಕ್ವಿಂಟಾಲಿಗೆ ಸಾವಿರ ರೂಪಾಯಿ ಬೇರೆ ಇಡುವುದೆಂದು ಎಲ್ಲರೆದುರು ಹೇಳಿದೆ. ಮೊದಲ ಸಲ ಆ ಹಣವನ್ನು ತಲೆಗೊಂದು ಪಾಲು ಮಾಡಿ ಕೊಟ್ಟು ತಪ್ಪು ಮಾಡಿದೆ. ಐದು ದಿನ ಬಂದವರಿಗೂ ನಲವತ್ತು ದಿನ ಬಂದವರಿಗೂ ಒಂದೇ ಮೊತ್ತ. ಜಗುಲಿಯಲ್ಲೇ ಮಾತಿಗೆ ಮಾತು ಬೆಳೆಯಿತು. ಅವರ ಸಿಟ್ಟು ನ್ಯಾಯವಾಗಿತ್ತು.

ದಾರಿ ಸಿಕ್ಕಿದ್ದು ಸಹಕಾರ ಸಂಘದಿಂದ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇದು ಹೊಸದಲ್ಲ. ಶಿವಮೊಗ್ಗದ ಅಡಿಕೆ ಮಾರಾಟ ಸಹಕಾರ ಸಂಘ ಮ್ಯಾಮ್ಕೋಸ್ ಹುಟ್ಟಿದ್ದೇ 1939ರಲ್ಲಿ. ಕರ್ನಾಟಕದ 1959ರ ಸಹಕಾರ ಸಂಘಗಳ ಕಾಯ್ದೆಯಂತೆ ಸಂಘ ತನ್ನ ನಿವ್ವಳ ಲಾಭದ ನಾಲ್ಕನೇ ಒಂದು ಭಾಗವನ್ನಾದರೂ ಮೀಸಲು ನಿಧಿಗೆ ಹಾಕಬೇಕು. ಆ ನಾಲ್ಕನೇ ಒಂದು ಭಾಗವನ್ನು ನಾನೂ ಹಿಡಿದುಕೊಂಡೆ. ಕಳೆದ ಸಲ 18 ಕ್ವಿಂಟಾಲಿಗೆ 18,000 ರೂಪಾಯಿ ಕೂಡಿತು. 4,500 ಮೀಸಲಿಟ್ಟು, ಉಳಿದ 13,500ನ್ನು ಎಲ್ಲರೂ ದುಡಿದ ಒಟ್ಟು 450 ದಿನಗಳಿಗೆ ಹಂಚಿದಾಗ ದಿನಕ್ಕೆ 30 ರೂಪಾಯಿ ಬಂತು. ಡಬ್ಬದ ಕೂಲಿಯನ್ನು ಮುಟ್ಟಿಲ್ಲ. ಕೈಚಳಕಕ್ಕೆ ಅದರ ಬೆಲೆ ಸಿಗಲೇಬೇಕು.

ಮೀಸಲು ಹಣ ಯಾರದೆಂಬ ಪ್ರಶ್ನೆ ಬಂತು. ಕೊಳೆರೋಗ ಬಡಿದು ಕಾಯಿ ಉದುರಿದ ವರ್ಷ ಕೆಲಸದ ದಿನಗಳೂ ಉದುರುತ್ತವೆ. ರೋಗ ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸಿದರೂ ಬಿಡದೆ ಸುರಿಯುವ ಮಳೆಯಲ್ಲಿ ಭರವಸೆಯಿಲ್ಲ. ಅಂಥ ವರ್ಷಕ್ಕೆ, ಇಲ್ಲವೇ ಆಸ್ಪತ್ರೆಯ ಖರ್ಚಿಗೆ ಎಂದು ಅವರೇ ತೀರ್ಮಾನಿಸಿದರು. ಆ ಹಣದ ಪಾಸ್‌ಬುಕ್ ನನ್ನ ಬಳಿ ಬೇಡವೆಂದೆ.

ಈಗ ಅದು ಹಿರಿಯಕ್ಕನ ಟ್ರಂಕಿನಲ್ಲಿದೆ. ಓದು ಬಾರದ ಅವರು ಸುಲಿತದ ಕೊನೆಯ ರಾತ್ರಿ ಅದನ್ನು ಸೆರಗಿನಲ್ಲಿ ಸುತ್ತಿ ತರುತ್ತಾರೆ, ಪಾಯಸ ಬಡಿಸುವುದಕ್ಕೆ ಮೊದಲು ಯಾವುದಾದರೂ ಹುಡುಗಿಯಿಂದ ಗಟ್ಟಿಯಾಗಿ ಎರಡು ಸಲ ಓದಿಸುತ್ತಾರೆ.